ಓರಿಸಿಯಾಳ ಅಂಗಡಿ ಕುಂಬಳ

ಅಂಗಡಿಯಿಂದ ತಂದ ತರಕಾರಿಯನ್ನು ಓರಿಸಿಯಾ ಹೆಚ್ಚುತ್ತಿದ್ದುದು ಮೊದಲು ಬೀಜಕ್ಕೆ, ಆಮೇಲೆ ಅಡುಗೆಗೆ. ಡಾಫಿನ್ ಊರಿನ ಶಾಲಾ ಬಸ್ಸು ಓಡಿಸಿ ನಿವೃತ್ತಳಾದ ಮೇಲಂತೂ ಅಡುಗೆಮನೆಯ ತಟ್ಟೆಗಳಲ್ಲೆಲ್ಲ ಬೀಜ ಒಣಗುತ್ತಿದ್ದವು. ಗಂಡ ವಸೀಲ್ ಮೇಜಿನ ಮೇಲೆ ಜಾಗ ಸಿಗದೆ ಕಾಫಿಯನ್ನು ನಿಂತೇ ಕುಡಿಯುತ್ತಿದ್ದ.

ವಸೀಲನ ತಂಗಿ ಸ್ಟೆಲ್ಲಾ ಹಿಮ ಬೀಳುವ ದಿನಗಳಲ್ಲೇ ಕ್ಯಾಟಲಾಗ್ ನೋಡಿ ಬೀಜ ತರಿಸುವವಳು. "ದುಡ್ಡು ಕೊಟ್ಟು ಒಳ್ಳೇ ಬೀಜ ತರಿಸೋಕೆ ಏನೇ ಕಷ್ಟ ನಿಂಗೆ?" ಎಂದು ಕೇಳಿದರೆ, "ನಾನೂ ದುಡ್ಡು ಕೊಟ್ಟೇ ತರೋದು. ಬೀಜದ ಸುತ್ತ ಇರೋ ಕಾಯಿ ಬಿಟ್ಟಿ" ಎನ್ನುತ್ತಿದ್ದಳು ಓರಿಸಿಯಾ.

ಆ ವರ್ಷ ಅವಳು ಒಂದು ಹೆಜ್ಜೆ ಮುಂದೆ ಹೋದಳು. ಚರ್ಚಿನ ಸುಗ್ಗಿ ಊಟಕ್ಕೆ ಬೇಕಾದ ಸಿಹಿಗುಂಬಳವೆಲ್ಲ ತನ್ನ ಹಿತ್ತಲಿನದೇ ಎಂದು ಎಲ್ಲರೆದುರು ಮಾತು ಕೊಟ್ಟಳು. ಏಣೇಣಾದ ಕಡುಹಸಿರಿನ ಒಂದೇ ಒಂದು ಅಂಗಡಿ ಕಾಯಿಯ ಬೀಜದಿಂದ ಆರು ಬಳ್ಳಿ ಹಬ್ಬಿದ್ದವು. ಕೆಲವು ಬಳ್ಳಿಯ ಕಾಯಿ ಅಚ್ಚು ಅಂಗಡಿಯದರಂತೆಯೇ, ಉಳಿದವು ಮಾತ್ರ ಒಂದರಂತೆ ಇನ್ನೊಂದಿಲ್ಲ: ಒಂದು ಬಳ್ಳಿಯದು ಉದ್ದ, ಒಂದರದು ಚಪ್ಪಟೆ, ಮತ್ತೊಂದರ ಮೈತುಂಬ ಗಂಟು.

"ಒಂದೇ ತಾಯಿ ಮಕ್ಕಳೇನೇ ಇವು?" ಸ್ಟೆಲ್ಲಾ ಬೇಲಿಗೊರಗಿ ನಕ್ಕಳು.

"ತಾಯಿ ಒಂದೇ. ತಂದೆ ಯಾರೂಂತ ಜೇನುನೊಣಾನ ಕೇಳು."

ತಮಾಷೆಯ ಮಾತಾದರೂ ಓರಿಸಿಯಾಳಿಗೆ ಅಳುಕಿತ್ತು. ಅಂಗಡಿ ಕಾಯಿ ಬೆಳೆದ ಹೊಲದ ಹತ್ತಿರ ಅಂದಕ್ಕೆ ಬೆಳೆಸುವ ಕಹಿಗುಂಬಳವಿದ್ದು ಅದರ ಪರಾಗ ತಗುಲಿದ್ದರೆ, ಅಂಗಡಿಯ ಕಾಯಿ ಸಿಹಿಯಾಗಿದ್ದರೂ ಅದರ ಮಕ್ಕಳು ಕಹಿಯಾಗಬಹುದು. ಆ ಕಹಿ ಬೇಯಿಸಿದರೆ ಹೋಗುವುದಿಲ್ಲ, ಹೊಟ್ಟೆ ಕೆಡಿಸುತ್ತದೆ. ಬಳ್ಳಿಗೊಂದು ಕಾಯಿಯ ರುಚಿ ನೋಡಿದರೆ ಸಾಕಿತ್ತು. ಆದರೆ ಇಬ್ಬನಿ ಹೆಪ್ಪುಗಟ್ಟುವ ಮುನ್ಸೂಚನೆ ಕೇಳಿದ್ದೇ ತಡ, ವಸೀಲ್ ಎಲ್ಲವನ್ನೂ ಕಿತ್ತು ಒಂದೇ ರಾಶಿ ಮಾಡಿಬಿಟ್ಟಿದ್ದ.

"ಒಂದೂ ಬಿಡದೆ ಉಳಿಸಿದೀನಿ ನೋಡು!"

"ಯಾವುದು ಯಾವ ಬಳ್ಳೀದೋ ಮಹಾರಾಯ?"

ಹಾಗಾಗಿ ಊಟದ ದಿನ ಚರ್ಚಿನ ಅಡುಗೆಮನೆಯಲ್ಲಿ, ಪಿರೋಗಿ ಕಡುಬು ಮಡಚುತ್ತಿದ್ದ ಹೆಂಗಸರೆಲ್ಲರ ಎದುರು, ಓರಿಸಿಯಾ ಪ್ರತಿ ಕಾಯಿಯಿಂದಲೂ ಒಂದು ಹಸಿ ಚೂರು ಕೆತ್ತಿ ನಾಲಿಗೆಗೆ ತಾಗಿಸಿ ಉಗಿಯುತ್ತ ನಿಂತಳು. ಗಂಟಿನದು ಸಿಹಿ. ಚಪ್ಪಟೆಯದು ಸಪ್ಪೆ, ನಡೆಯುತ್ತದೆ. ಅಚ್ಚು ಅಂಗಡಿಯದರಂತೆಯೇ ಇದ್ದ, ಎಲ್ಲಕ್ಕಿಂತ ಚೆಂದದ ಕಾಯಿಯನ್ನು ಕೆತ್ತಿದಳು. ಮುಖ ಕಿವುಚಿದಳು. ರಾಶಿಯಲ್ಲಿ ಅರ್ಧದಷ್ಟು ಅದರಂಥವೇ, ಕೆತ್ತಿದ್ದೆಲ್ಲ ಕಹಿ.

ಬೇರೆಯವುಗಳ ಜೊತೆ ಬೆರೆಸಿದರೆ ಗೊತ್ತಾಗಲಿಕ್ಕಿಲ್ಲ ಎಂಬ ಯೋಚನೆ ಬಂದಷ್ಟೇ ಬೇಗ ಹೋಯಿತು. ಊರಿಗೆ ಊರೇ ಉಣ್ಣುವ ಸೂಪು ಅದು.

"ಕಹಿ. ಇಂಥವೆಲ್ಲ ಕಸಕ್ಕೆ" ಎಂದಳು ಗಟ್ಟಿಯಾಗಿ. "ಸೂಪಿಗೆ ಸಾಲಲ್ಲ. ಸ್ಟೆಲ್ಲಾ, ನಿನ್ನ ಹತ್ರ ಇದ್ರೆ ಕೊಡೇ."

ಸ್ಟೆಲ್ಲಾ ಹೊರಗೆ ಹೋದಳು. ಕಾರಿನ ಡಿಕ್ಕಿಯಿಂದ ಎರಡು ಮೂಟೆ ಕುಂಬಳ ಎಳೆದು ತಂದಳು.

"ಬೆಳಿಗ್ಗೇನೇ ತಂದಿಟ್ಟಿದ್ಯಾ?"

"ನಿನ್ನ ಮೇಲೆ ಅಷ್ಟು ನಂಬಿಕೆ ಕಣೇ ನಂಗೆ."

ಹೆಂಗಸರು ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕರು. ಓರಿಸಿಯಾ ಒಂದು ಕಾಯಿ ಎತ್ತಿಕೊಂಡು ಚೂರು ಕೆತ್ತಿದಳು.

"ಏಯ್, ಅದು ಕ್ಯಾಟಲಾಗಿಂದು!"

"ಇರ್ಲಿ, ನನ್ನ ನಾಲಿಗೆಗೆ ಓದೋಕೆ ಬರಲ್ಲ."

ಜೇನಿನಷ್ಟು ಸಿಹಿಯಾಗಿತ್ತು. ಓರಿಸಿಯಾಳಿಗೆ ತುಸು ಬೇಜಾರಾಯಿತು.