ದೀಪ ಹಚ್ಚುವ ಮೊದಲು ಬಿಚ್ಚಿದ ಡಿಸ್ಕು

ಹುಮನಾಬಾದಿನ ನನ್ನ ಕಂಪ್ಯೂಟರ್ ಅಂಗಡಿಯ ಮೂಲೆಯಲ್ಲಿ ಸದಾ ಗುಂಯ್‌ಗುಡುತ್ತಿದ್ದ ಸರ್ವರ್ ಎಂಬ ಕಬ್ಬಿಣದ ಪೆಟ್ಟಿಗೆಗೆ ನಾನು ತೆತ್ತ ಬೆಲೆ ನನ್ನ ಮೋಟಾರ್ ಸೈಕಲ್ಲು. ಹೈದರಾಬಾದಿನ ಹಳೆ ಸಾಮಾನಿನ ವ್ಯಾಪಾರಿಯೊಡನೆ ಮಧ್ಯಾಹ್ನವಿಡೀ ಚೌಕಾಸಿ ಮಾಡಿ, ಬೇಡವೆಂದು ಎದ್ದು ಹೋದಂತೆ ನಟಿಸಿ, ಗಾಡಿಯ ಕೀಲಿ ಅವನ ಕೈಗಿಡುವಾಗ ವೈರುಗಳನ್ನೂ ಬ್ಯಾಟರಿಯನ್ನೂ ಕೊಸರಾಗಿ ಪಡೆದು, ಬಸ್ಸಿನಲ್ಲಿ ಊರಿಗೆ ಬಂದೆ. ಯಾಕೆನ್ನುತ್ತೀರಿ? ಅಂಗಡಿ ಇಕ್ಕಟ್ಟು, ಗಿರಾಕಿಗಳು ಹಲವರು; ಆ ಒಂದು ಪೆಟ್ಟಿಗೆಯೊಳಗೆ ಮೈಯಿಲ್ಲದ ನಾಲ್ಕಾರು ಕಂಪ್ಯೂಟರುಗಳನ್ನು ಸಾಕಬಹುದಿತ್ತು. ವರ್ಚುವಲ್ ಮಷೀನು ಎಂದರೆ ಇಷ್ಟೇ.

ಎರಡು ಸಾವಿರದ ದಶಕ ಮುಗಿಯುತ್ತಿದ್ದ ಆ ಕಾಲದಲ್ಲಿ ನಮ್ಮ ಕಡೆ ಈ ಹೆಸರು ಕೇಳಿದವರು ಕಡಿಮೆ. ಕೇಳಿದವರಿಗೆ ನಾನು ಕಬ್ಬು ಸಾಗಿಸುವ ಹಾದಿಯ ಹೋಲಿಕೆ ಕೊಡುತ್ತಿದ್ದೆ: ಮಷೀನು ಟ್ರ್ಯಾಕ್ಟರು, ಅದರ ಡಿಸ್ಕು ಟ್ರಾಲಿ, ಪಿನ್ನು ಕಿತ್ತರೆ ಟ್ರಾಲಿ ಹೊರೆಸಮೇತ ನಿಲ್ಲುತ್ತದೆ, ಬೇರೆ ಟ್ರ್ಯಾಕ್ಟರಿಗೆ ಕಟ್ಟಿಕೊಂಡು ಹೊರಡಬಹುದು. ಪಿನ್ನು ಕೀಳಲು ಕರಿ ಪರದೆಯ ಮೇಲೆ ಸಾಲುಸಾಲಾಗಿ ಅಪ್ಪಣೆ ಟೈಪು ಮಾಡಬೇಕು. ಬೆರಳು ತಪ್ಪೀತೆಂದು ಆ ಸಾಲುಗಳನ್ನೆಲ್ಲ ಒಂದು ಸ್ಕ್ರಿಪ್ಟಿನಲ್ಲಿ ಬರೆದಿಟ್ಟಿದ್ದೆ: ಮೊದಲು ಮಷೀನನ್ನು ಮಲಗಿಸು, ಅಂದರೆ ಶಟ್‌ಡೌನ್ ಮಾಡು, ಮಲಗುವ ತನಕ ಕಾಯು, ಆಮೇಲೆ ಡಿಸ್ಕು ಬಿಚ್ಚು.

ಬಸವಕಲ್ಯಾಣದ ಮಹಾದೇವಿ ಮದುವೆಯ ಫೋಟೊ ತೆಗೆಯುವವಳು. ಇನ್ನೊಬ್ಬರ ಸ್ಟುಡಿಯೊದಲ್ಲಿ ದುಡಿದು ಸಾಕಾಗಿ, ಕೋಟೆಯ ಹಾದಿಯಲ್ಲಿ ತನ್ನದೇ ಒಂದನ್ನು ತೆರೆಯುವವಳಿದ್ದಳು. ಅವಳ ಫೋಟೊಗಳ ಡಿಸ್ಕು ನನ್ನ ಮಷೀನೊಂದಕ್ಕೆ ಕಟ್ಟಿಕೊಂಡಿತ್ತು. ಡಿಸ್ಕು ಎಂದರೂ ಅದೊಂದು ದೊಡ್ಡ ಫೈಲು ಅಷ್ಟೇ. ಅವಳದೇ ಅಂಗೈಯಗಲದ ಹಾರ್ಡ್ ಡಿಸ್ಕಿನಲ್ಲಿ ಇಟ್ಟಿದ್ದೆ, ಬಿಚ್ಚಿಕೊಟ್ಟರೆ ಚೀಲದಲ್ಲಿ ಹಾಕಿಕೊಂಡು ಹೋಗಬಹುದಿತ್ತು. ಶನಿವಾರ ಸ್ಟುಡಿಯೊದ ಆರಂಭ. ಅವಳು ಸ್ವಂತ ಹೆಸರಿನಲ್ಲಿ ಹಿಡಿದ ಮೊದಲ ಕೆಲಸ ರಾಜೇಶ್ವರ ಊರಿನ ಒಂದು ಮದುವೆ. ಆ ಮನೆಯವರು ಫೋಟೊ ನೋಡಲು ಅಂದೇ ಬರುವವರು. ಫೋಟೊ ಕೆಟ್ಟರೆ ಬಾಗಿಲು ತೆರೆದ ದಿನವೇ ಹೆಸರೂ ಕೆಟ್ಟಂತೆ.

ಹಿಂದಿನ ದಿನ, ಶುಕ್ರವಾರ ಸಂಜೆ, ಡಿಸ್ಕು ಒಯ್ಯಲು ಮಹಾದೇವಿ ತನ್ನ ಅತ್ತೆ ನೀಲಮ್ಮನನ್ನು ಕರೆದುಕೊಂಡು ಬಂದಳು. ನಮ್ಮ ಮನೆತನದಲ್ಲಿ ಇಟ್ಟುಕೊಂಡ ವಸ್ತುವನ್ನು ಸಂಜೆ ದೀಪ ಹಚ್ಚಿದ ಮೇಲೆ ಹೊರಗೆ ಬಿಟ್ಟುಕೊಡುವುದಿಲ್ಲ. ಶುಕ್ರವಾರವಂತೂ ಅದರ ಬೆನ್ನಿಗೆ ಲಕ್ಷ್ಮಿಯೂ ಎದ್ದು ಹೋದಾಳೆಂಬ ಅಂಜಿಕೆ. ಮಹಾದೇವಿ ಕ್ಯಾಮೆರಾದ ಕಾರ್ಡಿನಿಂದ ಆ ಮದುವೆಯ ಫೋಟೊಗಳನ್ನು ಡಿಸ್ಕಿಗೆ ಇಳಿಸುತ್ತಿದ್ದಳು.

“ಕಾಪಿ ಆಯ್ತೇನವಾ?” ಎಂದೆ.

“ಪರದಿ ಮ್ಯಾಲಿನ ಪಟ್ಟಿ ಪೂರಾ ತುಂಬ್ಯದ್ರಿ ಅಣ್ಣಾ. ಕಾರ್ಡ್ ಖಾಲಿ ಮಾಡ್ತೀನಿ, ನಾಳಿಗಿ ಬೇಕಾಗ್ತದ.”

“ಏ, ಶುಕ್ರಾರ ಯಾವುದೂ ಖಾಲಿ ಮಾಡಬ್ಯಾಡ,” ಎಂದಳು ನೀಲಮ್ಮ.

“ಅತ್ತಿ, ಇದು ಜ್ವಾಳದ ಡಬ್ಬಿ ಅಲ್ರಿ!”

“ಡಬ್ಬಿ ಯಾವುದಾದ್ರೇನು? ಖಾಲಿ ಅಂದ್ರ ಖಾಲಿನ.”

ಸೊಸೆ ಮೂತಿ ತಿರುವಿ ಕಾರ್ಡನ್ನು ಹಾಗೆಯೇ ಚೀಲಕ್ಕೆ ಹಾಕಿದಳು.

ಹೊರಗೆ ಬಿಸಿಲು ಕೆಂಪಾಗುತ್ತಿತ್ತು. ಮಷೀನು ಮಲಗುವುದು ನಿಧಾನ. ಎಲ್ಲರೊಡನೆಯೂ ಚೌಕಾಸಿ ಮಾಡಿ ರೂಢಿಯಿದ್ದ ನಾನು ಸ್ಕ್ರಿಪ್ಟಿನೊಡನೆಯೂ ಮಾಡಿದೆ: ಮಲಗಿಸುವ, ಕಾಯುವ ಸಾಲುಗಳನ್ನು ತೆಗೆದು ಬಿಚ್ಚುವ ಸಾಲನ್ನಷ್ಟೇ ಓಡಿಸಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಡಿಸ್ಕು ಬಿಚ್ಚಿಕೊಂಡಿತು. ಖುಷಿಯಿಂದ ಅದನ್ನು ಇನ್ನೊಂದು ಮಷೀನಿಗೆ ಕಟ್ಟಿ ತೆರೆದರೆ, ತಾಳಿ ಕಟ್ಟುವ ಫೋಟೊಗಳಲ್ಲಿ ಮದುಮಗಳ ಬಾಸಿಂಗದಿಂದ ಕೆಳಗೆ ಬರೀ ಬೂದಿ ಬಣ್ಣ! ಪಟ್ಟಿ ತುಂಬಿದ್ದರೂ ಮಷೀನು ಕೊನೆಯ ಫೋಟೊಗಳನ್ನು ಇನ್ನೂ ಕೈಯಲ್ಲೇ ಹಿಡಿದುಕೊಂಡಿತ್ತು. ಮಲಗುವ ಮುನ್ನ ಡಿಸ್ಕಿಗೆ ಇಳಿಸುತ್ತಿತ್ತು, ಅಷ್ಟು ಬಿಡುವು ಅದಕ್ಕೆ ಸಿಗಲಿಲ್ಲ.

“ಅಣ್ಣಾ, ನಾಳಿ ಅವ್ರಿಗಿ ಏನ್ ತೋರಸ್ಲಿ?” ಎನ್ನುತ್ತ ಮಹಾದೇವಿ ಅಳತೊಡಗಿದಳು.

“ಅಳಬ್ಯಾಡ. ಆ ಖಾಲಿ ಮಾಡದ ಡಬ್ಬಿ ತಗಿ ಹೊರಗ,” ಎಂದಳು ನೀಲಮ್ಮ.

ಡಿಸ್ಕನ್ನು ಮೊದಲಿನ ಮಷೀನಿಗೇ ಕಟ್ಟಿ, ಕಾರ್ಡಿನಿಂದ ಮತ್ತೆ ಇಳಿಸತೊಡಗಿದೆವು. ಪಟ್ಟಿ ತೆವಳುತ್ತಿತ್ತು, ಹೊತ್ತು ಜಾರುತ್ತಿತ್ತು. ನನ್ನ ಕಣ್ಣು ಒಮ್ಮೆ ಬಾಗಿಲಿಗೆ, ಒಮ್ಮೆ ದೇವರ ಗೂಡಿಗೆ. ನೀಲಮ್ಮ ಅದನ್ನು ನೋಡಿ ನಕ್ಕಳು.

“ಯಾಕ್ರಿ, ದೀಪದ ಕಡಿ ಕದ್ದು ನೋಡಾಕತ್ತೀರಿ? ದೀಪ ನಿಮ್ಮದು, ಕಡ್ಡಿಪೆಟಗಿ ನಿಮ್ಮದು. ಊರಿಗೆಲ್ಲ ಚೌಕಾಸಿ ಮಾಡಾವ್ರು, ದೀಪಕ್ಕ ಒಂದ್ ಘಳಿಗಿ ತಡಿ ಅಂತ ಹೇಳಾಕ ಬರಲ್ಲೇನು?”

ಮಹಾದೇವಿ ಕಣ್ಣೊರೆಸಿಕೊಂಡು ಕಿಸಕ್ಕನೆ ನಕ್ಕಳು. ನಾನು ತೆಗೆದಿದ್ದ ಸಾಲುಗಳನ್ನು ತೆಪ್ಪಗೆ ಸ್ಕ್ರಿಪ್ಟಿಗೆ ಮರಳಿಸಿದೆ. ಮಷೀನು ತನ್ನ ಪಾಡಿಗೆ ತಾನು ಮಲಗಿತು, ಡಿಸ್ಕು ಬಿಚ್ಚಿಕೊಂಡಿತು, ಇನ್ನೊಂದಕ್ಕೆ ಕಟ್ಟಿ ತೆರೆದರೆ ಮದುಮಗಳು ಬಾಸಿಂಗದಿಂದ ಕಾಲುಂಗುರದವರೆಗೆ ಪೂರ್ತಿ ಬಂದಳು. ಅವರು ಬಸ್ಸಿಗೆ ಓಡಿದ ಮೇಲೆ ಕತ್ತಲಲ್ಲಿ ತಡಕಾಡಿ ದೀಪ ಹಚ್ಚಿದೆ. ಲಕ್ಷ್ಮಿ ಎದ್ದು ಹೋದ ಸುಳಿವೇನೂ ಕಾಣಲಿಲ್ಲ.

ಯಾವುದು ಮಣಿಯುತ್ತದೆ, ಯಾವುದು ಮಣಿಯುವುದಿಲ್ಲ ಎಂದು ತೂಗಿ ನೋಡುವುದೇ ವ್ಯಾಪಾರದ ಅರ್ಧ ವಿದ್ಯೆ. ಆ ಸಂಜೆ ದೀಪ ಮಣಿಯಿತು, ಮಷೀನು ಮಣಿಯಲಿಲ್ಲ, ನಾನು ಮಾತ್ರ ಎರಡನ್ನೂ ತಿರುವುಮುರುವಾಗಿ ಎಣಿಸಿದ್ದೆ. ಆದ್ದರಿಂದ ಕೇಳದಿದ್ದರೂ ಹೇಳುತ್ತೇನೆ: ಡಿಸ್ಕು ಬಿಚ್ಚುವ ಮುನ್ನ ಮಷೀನನ್ನು ಪೂರ್ತಿ ಮಲಗಗೊಡಿ, ಬಿಚ್ಚಿದ್ದನ್ನು ಬೇರೊಂದಕ್ಕೆ ಕಟ್ಟಿ ಕಣ್ಣಾರೆ ನೋಡಿ, ನೋಡುವ ತನಕ ಮೂಲ ಕಾರ್ಡನ್ನು ಖಾಲಿ ಮಾಡಬೇಡಿ, ಶುಕ್ರವಾರವಾಗಲಿ, ಸೋಮವಾರವಾಗಲಿ.