ಐದನೇ ನಂಬರಿನ ಹುತ್ತ

ನನ್ನ ತಂಗಿ ನನಗೆ ಒಪ್ಪಿಸಿದ್ದು ಒಂದೇ ಕೆಲಸ: ಏಳು ಹುತ್ತಗಳನ್ನು ಯಾರೂ ಕೆಡವದಂತೆ ನೋಡಿಕೊಳ್ಳುವುದು. ಅದನ್ನು ನಾನು ಮಾಡಲಿಲ್ಲ. ಮಾಡಲಿಲ್ಲ ಎಂದು ಹೇಳಲೂ ಇಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ ನಾನು ದೋಣಿಗಲ್ ಹತ್ತಿರದ ನಮ್ಮ ಸಣ್ಣ ಕಾಫಿ ತೋಟ ನೋಡಿಕೊಂಡಿದ್ದೆ. ಅವಳು ಯೂನಿವರ್ಸಿಟಿಯಲ್ಲಿ ಗೆದ್ದಲಿನ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಊರೆಲ್ಲ ಗೆದ್ದಲು ಓಡಿಸುವುದು ಹೇಗೆಂದು ಒದ್ದಾಡುತ್ತಿದ್ದರೆ ಇವಳು ಅದು ಹೇಗೆ ಬಾಳುತ್ತದೆಂದು ಓದುತ್ತಿದ್ದಾಳಲ್ಲ ಎಂದು ನನಗೆ ರೇಗುತ್ತಿತ್ತು. ತಿಂಗಳಿಗೊಮ್ಮೆ ಬಸ್ಸಿಳಿದು ಬಂದವಳು ಊಟಕ್ಕೂ ಕೂರದೆ ತೋಟಕ್ಕೆ ಹೋಗಿ, ಹುತ್ತದ ಪಕ್ಕೆಗೆ ತೂತು ಕೊರೆದು, ಒಳಗಿನಿಂದ ಸ್ಪಂಜಿನಂಥ ಚೂರೊಂದನ್ನು ತೆಗೆದು ಬಾಟಲಿಗೆ ಹಾಕುತ್ತಿದ್ದಳು.

"ಇದು ಅವುಗಳ ಗದ್ದೆ ಕಣಣ್ಣ. ಒಣಗಿದ ಎಲೆ, ಮರದ ಪುಡಿ ತಂದು ಹಾಸಿ ಅದರ ಮೇಲೆ ಅಣಬೆ ಬೆಳೀತವೆ. ಅದನ್ನೇ ತಿಂತವೆ."

"ಕಳೆ ಕೀಳೋರು ಯಾರೇ? ಅವಕ್ಕೂ ಆಳು ಸಿಗಲ್ವಾ?"

"ನಾನು ಹುಡುಕ್ತಿರೋದು ಅದನ್ನೇ. ಬೇರೆ ಬೂಷ್ಟು ಹತ್ತದಂಗೆ ಕಣ್ಣಿಗೆ ಕಾಣದ ಯಾವ್ದೋ ಜೀವಾಣು ಕಾಯ್ತವೆ ಅನ್ಸುತ್ತೆ. ಯಾವ ಹುತ್ತದಾಗೆ ಯಾವ್ದೈತೆ, ತಿಂಗಳು ತಿಂಗಳೂ ಅದೇ ಇರ್ತೈತಾ ಅಂತ ನೋಡ್ಬೇಕು."

ಹುತ್ತಕ್ಕೊಂದು ಕಡ್ಡಿ, ಕಡ್ಡಿಗೊಂದು ತಗಡು, ತಗಡಿನ ಮೇಲೆ ನಂಬರು. ಔಷಧಿ ಹೊಡೀಬೇಡ, ಹೊಗೆ ಹಾಕ್ಬೇಡ, ಪಂಚಮಿಗೆ ಹಾಲೂ ಹುಯ್ಯಬೇಡ ಎಂದಳು.

"ನಾಗಪ್ಪಂಗೆ ನೀನೇ ಒಂದು ಚೀಟಿ ಬರ್ದಿಡು ಮಾರಾಯ್ತಿ" ಎಂದೆ.

ಆ ವರ್ಷ ಕೊಯ್ಲಿಗೆ ಮುಂಚೆ ಕಾಫಿ ಒಣಗಿಸುವ ಕಣ ಬಿರುಕು ಬಿಟ್ಟಿತ್ತು. ನಮ್ಮಲ್ಲಿ ಕಣಕ್ಕೆ ಹುತ್ತದ ಮಣ್ಣೇ ಆಗಬೇಕು. ಕಲಸಿ, ಬಡಿದು, ಮೇಲೆ ಸಗಣಿ ಸಾರಿಸಿದರೆ ಕಲ್ಲಿನ ಹಾಗೆ ಕೂರುತ್ತದೆ. ಕಣದ ಹಿಂದೆ ಎರಡು ಹುತ್ತ ಅವಳಿಗಳಂತೆ ನಿಂತಿದ್ದವು. ಎಡಗಡೆಯದು ಐದನೇ ನಂಬರು, ಬಲಗಡೆಯದಕ್ಕೆ ನಂಬರಿಲ್ಲ. ಬಲಗಡೆಯದಕ್ಕೇ ಹಾರೆ ಹಾಕಿದೆ. ಒಳಗೆಲ್ಲ ಮರದ ಬೇರು, ಹಾರೆ ಇಳಿಯಲಿಲ್ಲ. ಸಿಟ್ಟು ಬಂತು. ಎಡಗಡೆಯದು ತಂಗಿ ಕೊರೆದೂ ಕೊರೆದೂ ಸಡಿಲವಾಗಿತ್ತು. ಒಂದೆರಡು ಬುಟ್ಟಿ ಸಾಕು ಎಂದುಕೊಂಡವನು ಮಧ್ಯಾಹ್ನದ ಹೊತ್ತಿಗೆ ಬುಡವನ್ನೂ ಬಿಟ್ಟಿರಲಿಲ್ಲ. ಆಮೇಲೆ ತಗಡನ್ನು ಕಿತ್ತು ಪಕ್ಕದ ಹುತ್ತಕ್ಕೆ ನೆಟ್ಟೆ. ಅವಳು ಕೊರೆದ ತೂತನ್ನು ಗೆದ್ದಲು ಹೇಗೂ ತಿಂಗಳೊಳಗೆ ಮುಚ್ಚಿಬಿಡುತ್ತವೆ, ಗುರುತು ಸಿಗದು ಎಂದುಕೊಂಡೆ.

ಮುಂದಿನ ಸಲ ಬಂದಾಗ ಅವಳು ಅಲ್ಲೇ ನಿಂತುಬಿಟ್ಟಳು. "ಅಣ್ಣ, ನಂದು ಎಡಗಡೇದಲ್ವಾ?"

"ಕಣಕ್ಕೆ ಅಗೆದಿದ್ದು ನಂಬರಿಲ್ಲದ್ದು ಕಣೇ. ನಂಬರ್ ನೋಡೇ. ನೀನೇ ಬರ್ದಿರೋದು. ಅಷ್ಟು ಓದಿ ಎಡ ಬಲ ಗೊತ್ತಾಗಲ್ವಾ?"

ನಕ್ಕಳು. ನಂಬಿದಳು.

ಆಮೇಲೆ ಶುರುವಾಯಿತು. ಐದರ ಬಾಟಲಿಯಲ್ಲಿ ಹಿಂದೆ ಕಾಣದ ಜೀವಾಣು ಬರತೊಡಗಿತು. ನೀನು ಬಾಟಲಿ ಅದಲು ಬದಲು ಮಾಡಿದ್ದೀಯ ಎಂದರಂತೆ ಅವಳ ಮೇಷ್ಟ್ರು. ನನ್ನೆದುರೇ ಬಾಟಲಿಯ ಒಂದೊಂದು ಚೀಟಿಯನ್ನೂ ಮೂರು ಸಲ ಓದಿ ಅಂಟಿಸುವಳು, ಅನುಮಾನ ಬಂದು ಕಿತ್ತು ಮತ್ತೆ ಓದುವಳು. ನೋಡಲಾರದೆ ಗದರಿದೆ. "ಒಂದು ಹುತ್ತ ಹೋದ್ರೆ ಹೋಗ್ಲಿ, ಬುಟ್ಟಾಕೇ ಅತ್ಲಾಗೆ!"

"ಐದೇ ತಪ್ಪಾದ್ರೆ ಉಳಿದ ಆರನ್ನ ನಂಬೋದೆಂಗೆ ಅಂತಾರಣ್ಣ. ಎಚ್ಚರ ಇಲ್ಲದೋರಿಗೆ ಈ ಕೆಲ್ಸ ಅಲ್ಲ ಅಂದ್ರು."

ಆಗಲೂ ಬಾಯಿ ಬಿಡಲಿಲ್ಲ. ಓದಿದವರ ಕೆಲಸ ಕೆಡಿಸಿದ ಓದದವನು ಎನ್ನಿಸಿಕೊಳ್ಳುವುದು ಬೇಡವಾಗಿತ್ತು. ಎಂಥ ಮೊಂಡುತನ! ಈಗ ನೆನೆದರೂ ಕೆನ್ನೆಗೆ ಬಾರಿಸಿಕೊಳ್ಳುವ ಹಾಗಾಗುತ್ತದೆ.

ಒಂದು ಶನಿವಾರ ಬಾಟಲಿಗಳಿಲ್ಲದೆ ಬಂದಳು. ಸಂಶೋಧನೆ ಬಿಡುತ್ತೇನೆ, ಮೇಷ್ಟ್ರಿಗೆ ಸೋಮವಾರ ಕಾಗದ ಕೊಡುತ್ತೇನೆ ಎಂದಷ್ಟೇ ಹೇಳಿ ತೋಟಕ್ಕೆ ಹೋದಳು. ನಾನೂ ಹಿಂದೆ ಹೋದೆ. ಕಡ್ಡಿಗಳನ್ನು ಒಂದೊಂದಾಗಿ ಕಿತ್ತು ಚೀಲಕ್ಕೆ ಹಾಕುತ್ತಾ ಬಂದಳು. ಕಣದ ಹಿಂದಿನ ಹುತ್ತದ ಹತ್ತಿರ ಬಗ್ಗಿದಾಗ ಅವಳ ಕೈ ಹಿಡಿದೆ.

"ಬಿಡಬ್ಯಾಡ ಕಣೇ, ನೀನೇನೂ ತಪ್ಪು ಮಾಡಿಲ್ಲ. ನಿನ್ನ ಐದನೇ ಹುತ್ತ ಅಗೆದು ಕಣಕ್ಕೆ ಹಾಕಿದೋನು ನಾನು. ತಗಡು ಇಲ್ಲಿಗೆ ನೆಟ್ಟೋನೂ ನಾನೇ. ಸೋಮವಾರ ನಾನೂ ಬತ್ತೀನಿ, ನಿಮ್ಮ ಮೇಷ್ಟ್ರ ಮುಂದೆ ಇದನ್ನೇ ಹೇಳ್ತೀನಿ. ತಪ್ಪಾಯ್ತು ಕಣವ್ವ, ನನ್ನ ಮನ್ನಿಸ್ಬುಡು."