ರಾಮಣ್ಣನ ಮಣ್ಣಿಗೆ ಹೋಗಿದ್ದು

ಶಿವಮೊಗ್ಗದಿಂದ ಭದ್ರಾವತಿಗೆ ಹೆಚ್ಚೆಂದರೆ ಹನ್ನೆರಡು ಮೈಲಿ. ಎಷ್ಟೋ ಸಲ ಹೋಗಿ ಬಂದಿದ್ದರೂ ಆ ದಾರಿ ಅಷ್ಟು ಉದ್ದವೆಂದು ನನಗೆ ಗೊತ್ತಾದದ್ದು ಆ ಬೇಸಿಗೆಯಲ್ಲಿ, ರಾಮಣ್ಣ ಸತ್ತ ಸುದ್ದಿ ಬಂದ ದಿನ.

ಬೆಳಿಗ್ಗೆ ಗಾಂಧಿ ಬಜಾರಿನ ನನ್ನ ಹೊಲಿಗೆ ಅಂಗಡಿಯ ಬಾಗಿಲು ತೆಗೆಯುತ್ತಿದ್ದೆ. ಭದ್ರಾವತಿಯ ಲಾರಿ ಡ್ರೈವರೊಬ್ಬ ಗಾಡಿಯಿಂದ ಇಳಿಯದೆಯೇ, “ಸಾಬ್ರೇ, ನಿಮ್ಮ ರಾಮಣ್ಣ ಹೋಗ್ಬಿಟ್ರಂತೆ” ಎಂದು ಹೇಳಿ ಹೊರಟೇಹೋದ. ರಾಮಣ್ಣ ಅಲ್ಲಿಯ ಕಬ್ಬಿಣದ ಕಾರ್ಖಾನೆಯಲ್ಲಿದ್ದ, ನನ್ನ ಬಾಲ್ಯದ ಗೆಳೆಯ. ಹಿಂದಿನ ವಾರವಷ್ಟೇ ಪ್ಯಾಂಟು ಬಿಗಿಯಾಯಿತೆಂದು ಜಗಳವಾಡಿದ್ದ. ಹೊಟ್ಟೆ ನಿನ್ನದು, ತಪ್ಪು ಮಾತ್ರ ನನ್ನದೇ ಎಂದು ನಾನೂ ಬೈದು ಕಳಿಸಿದ್ದೆ.

ಹೂವಿನ ಹಾರವೊಂದನ್ನು ಕೊಂಡು, ಬಿಸಿಲಿಗೆ ಛತ್ರಿ ಹಿಡಿದು ಸ್ಟೇಷನ್ನಿಗೆ ಓಡಿದೆ. ಆರಾಣೆ ಟಿಕೆಟ್ಟು. ರೈಲಿನಲ್ಲಿ ಹಾರ ಕಂಡದ್ದೇ ಎದುರಿಗಿದ್ದ ಬಾಣಂತಿ ಕೂಸಿನ ಮುಖಕ್ಕೆ ಸೆರಗು ಮುಚ್ಚಿ ಆಚೆಯ ಬೆಂಚಿಗೆ ಹೋದಳು. ಮುದುಕಿಯೊಬ್ಬಳು ಮಾತ್ರ, “ಯಾರಪ್ಪಾ ಹೋದೋರು?” ಎಂದಳು. ಅಷ್ಟೇ ಸಾಕಾಯಿತು. ಗಡ್ಡ ಬಿಟ್ಟ ಗಂಡಸು ಡಬ್ಬಿಯ ತುಂಬಾ ಜನರೆದುರು ಬಿಕ್ಕಿ ಬಿಕ್ಕಿ ಅತ್ತೆ.

ಭದ್ರಾವತಿಯಲ್ಲಿ ರಾಮಣ್ಣನ ಮನೆಯ ಮುಂದೆ ಜನವಿರಲಿಲ್ಲ, ಬೆಂಕಿಯೂ ಹಾಕಿರಲಿಲ್ಲ. ಆಗಲೇ ಒಯ್ದುಬಿಟ್ಟರೇ ಎಂದುಕೊಂಡೆ. ಒಳಗೆ ಇಣುಕಿದರೆ ರಾಮಣ್ಣ ಚಾಪೆಯ ಮೇಲೆ ಕೂತು ಉಪ್ಪಿಟ್ಟು ತಿನ್ನುತ್ತಿದ್ದ.

ನಾನು ಹಾರ ಹಿಡಿದುಕೊಂಡೇ ಹೊಸ್ತಿಲಲ್ಲಿ ನಿಂತೆ. ಅವನ ಹೆಂಡತಿ ಗೌರಮ್ಮ ಓಡಿ ಬಂದು ನನ್ನ ಮುಖವನ್ನೇ ನೋಡಿದಳು. “ಅತ್ರಾ ಅಣ್ಣಾ? ನಿಜ ಹೇಳಿ.”

“ಅಳದೆ ನಗ್ತೀನೇನಮ್ಮಾ?”

“ಉಳಿಸಿಕೊಟ್ರಿ” ಎಂದು ಕೈಮುಗಿದು ತಾನೇ ಅಳತೊಡಗಿದಳು.

ಆಗಿದ್ದು ಇಷ್ಟು. ಹಿಂದಿನ ದಿನ ನಲ್ಲಿಯ ಹತ್ತಿರ ಕಾಗೆಯೊಂದು ರಾಮಣ್ಣನ ತಲೆ ಮುಟ್ಟಿತ್ತು. ಅದು ಸಾವಿನ ಸೂಚನೆಯಂತೆ. ಬೇಕಾದವರಿಗೆ ‘ಸತ್ತ’ ಎಂದು ಸುದ್ದಿ ಕಳಿಸಿ, ಅವರು ನಂಬಿ ಅತ್ತುಬಿಟ್ಟರೆ ಕಂಟಕ ಕಳೆಯುತ್ತದಂತೆ. ಗೌರಮ್ಮ ಅಲ್ಲಿಯವರೆಗೆ ಒಂದು ತುತ್ತೂ ತಿಂದಿರಲಿಲ್ಲ.

“ನಿನ್ನ ನೆಂಟರೆಲ್ಲ ಸತ್ತಿದ್ರೇನೋ? ನಾನೇ ಬೇಕಿತ್ತಾ?” ಎಂದೆ.

“ಅವ್ರಿಗೆಲ್ಲ ಈ ಶಾಸ್ತ್ರ ಗೊತ್ತು ಮಾರಾಯ. ಸತ್ತ ಅಂದ್ರೆ, ಕಾಗೆ ಮುಟ್ತಾ ಅಂತ ಕೇಳ್ತಾರೆ. ಗೊತ್ತಿಲ್ದೆ ಅಳೋನು ನೀನೊಬ್ನೇ.”

ಸಿಟ್ಟು ಬಂದಿತ್ತು; ಆದರೆ ಬೈಯಲು ಅವನು ಎದುರಿಗಿದ್ದನಲ್ಲ, ಅದೇ ದೊಡ್ಡ ಸಂತೋಷ. ಎರಡು ತಟ್ಟೆ ಉಪ್ಪಿಟ್ಟು ತಿಂದೆ. “ದಿನಾ ಕುದಿಯೋ ಕಬ್ಬಿಣದ ಪಕ್ಕ ನಿಲ್ತೀಯ, ಒಂದು ಕಾಗೆಗೆ ಹೆದರ್ತೀಯಲ್ಲೋ” ಎಂದು ಛೇಡಿಸಿದೆ.

ಅವನು ತಟ್ಟೆ ಪಕ್ಕಕ್ಕೆ ಸರಿಸಿದ. “ಕುಲುಮೆಗೆ ಹೆದರಿದ್ರೆ ನಾಳೆ ಕೆಲ್ಸಕ್ಕೆ ಹೋಗೋಕಾಗುತ್ತಾ? ಹೆದರೋದಕ್ಕೆ ಒಂದು ಕಾಗೆನಾದ್ರೂ ಬೇಡ್ವಾ?”

ಸಂಜೆ ರೈಲು ಹತ್ತಿಸಲು ಜೊತೆಗೆ ಬಂದವನಿಗೆ, ಇಂಥ ಮೂಢನಂಬಿಕೆ ನನಗಿಲ್ಲ ಎಂದು ಸ್ಟೇಷನ್ನಿನ ದಾರಿಯುದ್ದಕ್ಕೂ ಉಪದೇಶ ಮಾಡಿದೆ. ಸೇತುವೆಯ ಮೇಲಿಂದ ಹಾರವನ್ನು ಭದ್ರೆಗೆ ಎಸೆದೆವು. ಬಿಸಿಲು ಇಳಿದಿತ್ತು, ಕಾಗೆಗಳು ಗೂಡಿಗೆ ಮರಳುತ್ತಿದ್ದವು. ಮಾತು ನಿಲ್ಲಿಸದೆಯೇ ಛತ್ರಿ ಬಿಡಿಸಿ ಅವನ ಕೈಗೆ ಕೊಟ್ಟೆ.

“ಇದ್ಯಾಕೋ?”

“ಹಿಡ್ಕೋ ಸುಮ್ನೆ. ಶಾಸ್ತ್ರ ಈಗ ನಂಗೂ ಗೊತ್ತಾಯ್ತು. ಇನ್ನೊಂದ್ಸಲ ಮುಟ್ಟಿದ್ರೆ ಅಳೋರ್ಯಾರು?”

ರೈಲು ಹೊರಟಾಗ ಕಿಟಕಿಯಿಂದ ಬಗ್ಗಿ ನೋಡಿದೆ. ಪ್ಲಾಟ್‌ಫಾರಮ್ಮಿನ ತಗಡಿನ ಮಾಡಿನ ಕೆಳಗೂ ಅವನು ಛತ್ರಿ ಹಿಡಿದೇ ನಿಂತಿದ್ದ.